ಪ್ರಶ್ನೋತ್ತರ: ಕವಿತೆಯ ಮೂಲಕ ಮಾನವೀಕರಣವನ್ನು ಕಲಿಸುವುದು ಹೇಗೆ?

ಪ್ರಶ್ನೆ (ಡೊಂಬಿವಲಿಯ ಶಿಕ್ಷಕಿ): ನಮಸ್ಕಾರ ಸರ್. ನಮ್ಮ ಭಾನುವಾರದ ಕನ್ನಡ ತರಗತಿಗೆ ಏಳು, ಎಂಟನೆಯ ಇಯತ್ತೆಯ ಮಕ್ಕಳು ಬರುತ್ತಾರೆ. ಉಪಮೆ, ರೂಪಕಗಳ ಲಕ್ಷಣವನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಮಾನವೀಕರಣ, ಅಂದರೆ ಮನುಷ್ಯರಲ್ಲದವಕ್ಕೆ ಮನುಷ್ಯರ ಗುಣ, ಕೆಲಸಗಳನ್ನು ಆರೋಪಿಸುವ ಅಲಂಕಾರ, ಬಂದಾಗ ಎಡವುತ್ತಾರೆ. ‘ಮಳೆ ಬಂತು’ ಎಂಬುದನ್ನೂ ಮಾನವೀಕರಣವೆನ್ನುತ್ತಾರೆ, ‘ಮಳೆರಾಯ ಬಂದ’ ಎಂಬುದನ್ನು ಸಾಮಾನ್ಯ ವಾಕ್ಯವೆಂದು ದಾಟಿಬಿಡುತ್ತಾರೆ. ಎಲ್ಲಿಂದ ಆರಂಭಿಸಲಿ?

ಉತ್ತರ (ಪುಣೆಯ ನಿವೃತ್ತ ಕನ್ನಡ ಅಧ್ಯಾಪಕರು): ಮೇಡಂ, ಲಕ್ಷಣವನ್ನು ಬದಿಗಿಟ್ಟು ಕ್ರಿಯಾಪದದಿಂದ ಆರಂಭಿಸಿರಿ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮಳೆ, ನದಿ, ಗಾಳಿ ಎಲ್ಲವೂ ನಪುಂಸಕಲಿಂಗವಾದುದರಿಂದ ‘ನದಿ ಬಂದಳು’ ಎಂದೊಡನೆ ನಮ್ಮ ಕಿವಿ ಎಚ್ಚರಗೊಳ್ಳುತ್ತದೆ. ಮರಾಠಿಯಲ್ಲಾದರೋ ‘ಪಾವೂಸ್’ (ಮಳೆ) ಪುಲ್ಲಿಂಗ, ‘ನದೀ’ ಸ್ತ್ರೀಲಿಂಗ. ಶಾಲೆಯಲ್ಲಿ, ಕಟ್ಟಡದ ಅಂಗಳದಲ್ಲಿ ದಿನವಿಡೀ ‘ಪಾವೂಸ್ ಆಲಾ’ (ಅಕ್ಷರಶಃ ‘ಮಳೆ ಬಂದನು’) ಎನ್ನುವ ಮಗುವಿಗೆ ‘ಮಳೆರಾಯ ಬಂದ’ ಎಂಬುದರಲ್ಲಿ ವಿಶೇಷವೇನೂ ಕಾಣಿಸದಿದ್ದರೆ ಅದನ್ನು ದಡ್ಡತನವೆನ್ನಲಾಗದು. ಮರಾಠಿ ವ್ಯಾಕರಣದಲ್ಲಿ ಇದೇ ಅಲಂಕಾರಕ್ಕೆ ‘ಚೇತನಗುಣೋಕ್ತಿ’ ಎಂಬ ಹೆಸರಿದೆ. ಮಕ್ಕಳಿಗೆ ಅದರ ಪರಿಚಯವಿದ್ದರೆ ಧಾರಾಳವಾಗಿ ಬಳಸಿಕೊಳ್ಳಿ.

ಆದರೆ ಕ್ರಿಯಾಪದದ ಕೊನೆಯಲ್ಲಿ ಲಿಂಗವನ್ನು ಸೂಚಿಸುವ ಪ್ರತ್ಯಯವೊಂದನ್ನೇ ನೋಡಿದರೆ ಸಾಲದು. ‘ಗಾಳಿ ಪಿಸುಗುಟ್ಟಿತು’ ಎಂಬಲ್ಲಿ ಪ್ರತ್ಯಯ ನಪುಂಸಕದ್ದೇ, ಕೆಲಸ ಮಾತ್ರ ಮನುಷ್ಯರದು. ‘ಬಾವಿಯ ಬಾಯಿ’, ‘ಸೂಜಿಯ ಕಣ್ಣು’ ರೂಢಿಯಲ್ಲಿ ಸವೆದುಹೋದ ರೂಪಕಗಳು, ಅವನ್ನು ಮಾನವೀಕರಣವೆಂದು ಎಣಿಸಬೇಡಿ. ಸೂರ್ಯಚಂದ್ರರನ್ನು ಮೊದಲ ಪಾಠಕ್ಕೆ ತರಬೇಡಿ. ‘ಸೂರ್ಯ ಮೂಡಿದನು’ ಎನ್ನುವುದು ನಮ್ಮಲ್ಲಿ ಸಹಜ ಪ್ರಯೋಗವೇ ಆಗಿರುವುದರಿಂದ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಗುರುತಿಸುವುದಕ್ಕಿಂತ ಮುಖ್ಯವಾದದ್ದು, ಕವಿಗೆ ಅದು ಏಕೆ ಬೇಕಾಯಿತು ಎಂಬ ಪ್ರಶ್ನೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ತಾಸುಗಳಲ್ಲಿ 944 ಮಿ.ಮೀ. ಮಳೆ ಸುರಿದು ಮೀಠಿ ನದಿ ಉಕ್ಕಿದ್ದನ್ನು ಮಕ್ಕಳು ಹಿರಿಯರಿಂದ ಕೇಳಿಯೇ ಇರುತ್ತಾರೆ. ಹಲಗೆಯ ಮೇಲೆ ಮೊದಲು ವರದಿಯ ವಾಕ್ಯ ಬರೆಯಿರಿ: ‘ಮೀಠಿ ನದಿ ಉಕ್ಕಿ ಮನೆಗಳಿಗೆ ನುಗ್ಗಿತು.’ ಅದರ ಕೆಳಗೆ: ‘ಕಳೆದುಕೊಂಡ ಅಂಗಳವನ್ನು ಕೇಳುತ್ತ ಮೀಠಿ ಮನೆಮನೆಯ ಕದ ತಟ್ಟಿದಳು.’ ಎರಡನೆಯದರಲ್ಲಿ ಹೆಚ್ಚಾಗಿ ಬಂದದ್ದೇನು ಎಂದು ಕೇಳಿರಿ. ‘ತಟ್ಟಿದಳು’ ಎಂಬುದು ಸುಲಭವಾಗಿ ಸಿಗುತ್ತದೆ. ‘ಕಳೆದುಕೊಂಡ ಅಂಗಳ’ ಯಾವುದೆಂದು ವಿಚಾರಿಸುತ್ತ ಹೋದರೆ ನದಿಯ ಪಾತ್ರವನ್ನು ಒತ್ತಿ ಎದ್ದ ಕಟ್ಟಡಗಳ ಮಾತು ಬರುತ್ತದೆ, ನದಿಗೆ ಒಂದು ದೂರು ಇದೆಯೆಂಬುದು ಹೊಳೆಯುತ್ತದೆ. ವರದಿಯಲ್ಲಿ ನದಿ ಅಪರಾಧಿ, ಎರಡನೆಯ ಸಾಲಿನಲ್ಲಿ ವಾದಿ. ಮಾನವೀಕರಣವನ್ನು ಕೇವಲ ಸಿಂಗಾರವೆಂದು ಕಲಿಸುವ ಪಠ್ಯಪುಸ್ತಕಗಳ ಬಗೆಗೆ ನನ್ನ ತಕರಾರು ಇರುವುದು ಇಲ್ಲಿಯೇ.

ಮರುಪ್ರಶ್ನೆ: ಧನ್ಯವಾದಗಳು ಸರ್. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಕವಿತೆಯಲ್ಲಿ ಕಾಲಕ್ಕೆ ಹಕ್ಕಿಯ ರೂಪದಲ್ಲಿ ಜೀವ ಬಂದಿದೆಯಲ್ಲ, ಅದನ್ನೂ ಮಾನವೀಕರಣವೆಂದು ಹೇಳಬಹುದೇ?

ಉತ್ತರ: ಬೇಡ ಮೇಡಂ, ಅದು ರೂಪಕ. ಅಲ್ಲಿ ಕಾಲಕ್ಕೆ ಜೀವ ಬಂದಿದೆ ನಿಜ, ಆದರೆ ಅದು ಮನುಷ್ಯನಾಗಿಲ್ಲ. ಸಾಮ್ರಾಜ್ಯಗಳೇ ತೆನೆಗಳಾಗಿ ಅದರ ಕೊಕ್ಕಿಗೆ ಸಿಗುತ್ತವೆ. ಕುಕ್ಕುವುದು, ಹಾರುವುದು ಹಕ್ಕಿಯ ಕೆಲಸಗಳೇ. ‘ಹಕ್ಕಿಯಂತೆ’ ಎಂದಿದ್ದರೆ ಉಪಮೆಯಾಗುತ್ತಿತ್ತು. ‘ಅಂತೆ’ಯನ್ನು ಬಿಟ್ಟು ಉಪಮೇಯ (ಹೋಲಿಸಲ್ಪಡುವ ಕಾಲ), ಉಪಮಾನಗಳನ್ನು (ಹೋಲಿಕೆಗೆ ತಂದ ಹಕ್ಕಿ) ಒಂದೇ ಮಾಡಿದ್ದಾರೆ. ಮೀಠಿಯ ಸಾಲು ಮತ್ತು ಈ ಕವಿತೆಯನ್ನು ಒಂದೇ ದಿನ ಮುಂದಿಟ್ಟು, ಎರಡರಲ್ಲೂ ಕ್ರಿಯಾಪದಗಳ ಕೆಳಗೆ ಗೆರೆ ಎಳೆಸಿ, ಆ ಕೆಲಸ ಯಾರು ಮಾಡುವಂಥದ್ದೆಂದು ಪಕ್ಕದಲ್ಲಿ ಬರೆಯಿಸಿರಿ.