ಎ.ಸಿ. ಆಫ್ ಮಾಡಿದರೆ ಪುಲ್ಲಿ ತಿರುಗೀತೇ?

ಭಾವ: (ಫಾರ್ವರ್ಡ್ ಆಗಿ ಬಂದ ವಿಡಿಯೊ, ಕೆಳಗೆ ಬರಹ) "ಎ.ಸಿ. ಪುಲ್ಲಿ ಜಾಮ್ ಆಗಿ ಬೆಲ್ಟ್ ಕಿತ್ತುಹೋಯಿತೇ? ಹೆದರಬೇಡಿ. ಹೊಸ ಬೆಲ್ಟ್ ಹಾಕಿ, ಎ.ಸಿ. ಆಫ್ ಮಾಡಿ, ಆರಾಮವಾಗಿ ಓಡಿಸಿ. ಎಲ್ಲರಿಗೂ ಹಂಚಿ."

ಭಾವ: ನಮ್ಮ ಕಾರಿನ ಬೆಲ್ಟ್ ನಿನ್ನೆ ಕಿತ್ತುಹೋದದ್ದು ನಿಮಗೆಲ್ಲ ತಿಳಿದೇ ಇದೆ. ವರ್ಕ್‌ಶಾಪಿನವರು ಬಂದು ನೋಡಿ, ಎ.ಸಿ. ಗ್ಯಾಸನ್ನು ಒತ್ತುವ ಕಂಪ್ರೆಸರಿನ ಪುಲ್ಲಿ (ಬೆಲ್ಟ್ ಸುತ್ತುವ ಚಕ್ರ) ತಿರುಗದಂತೆ ಹಿಡಿದುಕೊಂಡಿದೆ, ಕಂಪ್ರೆಸರನ್ನೇ ಬದಲಿಸಬೇಕು ಎಂದು ಹೇಳಿಹೋದರು. ಒಂದು ಬೆಲ್ಟ್ ಹಾಕುವುದಕ್ಕೆ ಇಡೀ ಕಂಪ್ರೆಸರ್ ಯಾಕೆ ಬೇಕು? ಸದ್ಯಕ್ಕೆ ಎ.ಸಿ. ಇಲ್ಲದೆಯೂ ನಡೆಯುತ್ತದೆ. ಆದ್ದರಿಂದ ವಿಡಿಯೊದಲ್ಲಿ ತೋರಿಸಿದಂತೆ ಹೊಸ ಬೆಲ್ಟನ್ನು ನಾನೇ ಹಾಕಿ, ಎ.ಸಿ. ಸ್ವಿಚ್ ಮುಟ್ಟದೆ ಓಡಿಸಬೇಕೆಂದಿದ್ದೇನೆ. ಆಕ್ಷೇಪವಿದ್ದವರು ಈಗಲೇ ಹೇಳಿಬಿಡಿ.

ಅಕ್ಕ: ಆಕ್ಷೇಪ ಮನೆಯಲ್ಲೇ ಇದೆ. ನಿನ್ನೆ ಕಾರು ಓಡಿಸುತ್ತಿದ್ದವಳು ನಾನು, ಬೆಲ್ಟ್ ಕಿತ್ತುಹೋಗುವಾಗ ಎ.ಸಿ. ಆಫ್ ಆಗಿಯೇ ಇತ್ತು, ಕಿಟಕಿಗಳೆಲ್ಲ ತೆರೆದಿದ್ದವು. ಆಫ್ ಇದ್ದಾಗಲೇ ಕಿತ್ತುಹೋದ ಬೆಲ್ಟ್, ಆಫ್ ಮಾಡಿದರೆ ಉಳಿಯುತ್ತದೆ ಎನ್ನುವುದು ಯಾವ ನ್ಯಾಯ? ಇವರಿಗೆ ಹೇಳಿದರೆ ವಿಡಿಯೊ ತೋರಿಸುತ್ತಾರೆ. ತಮ್ಮಾ, ನೀನೊಮ್ಮೆ ನೋಡಿ ಹೇಳು.

ನಾನು: ನೋಡಿದೆ. ಅಕ್ಕ ಹೇಳಿದ ಆ ಒಂದು ಮಾತು ವಿಡಿಯೊದಲ್ಲಿರುವ ಎಲ್ಲಕ್ಕಿಂತ ಮುಖ್ಯವಾದದ್ದು. ಭಾವ, ನಾವು ಬಾಯಿಮಾತಿನಲ್ಲಿ "ಎ.ಸಿ. ಪುಲ್ಲಿ" ಎಂದು ಒಂದೇ ಹೆಸರಿನಲ್ಲಿ ಕರೆಯುವ ಜಾಗದಲ್ಲಿ ಎರಡು ಬೇರೆ ಬೇರೆ ಭಾಗಗಳಿವೆ. ಬೆಲ್ಟ್ ಸುತ್ತಿಕೊಳ್ಳುವ ಹೊರಗಿನ ಪುಲ್ಲಿಯು ಕಂಪ್ರೆಸರಿನ ಮೂತಿಯ ಮೇಲೆ ತನ್ನದೇ ಆದ ಬೇರಿಂಗಿನ ಆಧಾರದಲ್ಲಿ ಕೂತಿರುತ್ತದೆ. ಅದಕ್ಕೂ ಕಂಪ್ರೆಸರಿನ ಒಳಗಿನ ಶಾಫ್ಟಿಗೂ ನೇರವಾದ ಸಂಬಂಧವಿಲ್ಲ. ಶಾಫ್ಟಿನ ತುದಿಗೆ ಬೇರೊಂದು ತಟ್ಟೆ ಇದ್ದು, ಎ.ಸಿ. ಆನ್ ಮಾಡಿದಾಗ ಪುಲ್ಲಿಯ ಹಿಂದಿರುವ ವಿದ್ಯುತ್ ಕಾಯಿಲ್ ಅಯಸ್ಕಾಂತವಾಗಿ ಆ ತಟ್ಟೆಯನ್ನು ಎಳೆದು ಪುಲ್ಲಿಗೆ ಅಂಟಿಸುತ್ತದೆ, ಆಗ ಮಾತ್ರ ಕಂಪ್ರೆಸರ್ ತಿರುಗುತ್ತದೆ. ಇದೇ ಕ್ಲಚ್. ಎ.ಸಿ. ಆಫ್ ಇದ್ದಾಗ ತಟ್ಟೆ ನಿಂತಿರುತ್ತದೆ, ಪುಲ್ಲಿ ಮಾತ್ರ ಇಂಜಿನ್ ಓಡುವಷ್ಟು ಹೊತ್ತೂ ತಿರುಗುತ್ತಲೇ ಇರುತ್ತದೆ. ಪೆಡಲ್ ತುಳಿಯದಿದ್ದಾಗಲೂ ಸೈಕಲ್ಲಿನ ಹಿಂಚಕ್ರ ತನ್ನ ಪಾಡಿಗೆ ತಿರುಗುವ ಹಾಗೆ.

ಈಗ ಹಿಡಿದುಕೊಂಡಿರುವುದು ಯಾವುದು ಎಂಬುದೇ ಪ್ರಶ್ನೆ. ಕಂಪ್ರೆಸರಿನ ಒಳಭಾಗ ಹಿಡಿದುಕೊಂಡಿದ್ದರೆ ವಿಡಿಯೊದವರು ಹೇಳಿದ್ದು ನಿಜ: ಎ.ಸಿ. ಆಫ್ ಇರುವವರೆಗೆ ಪುಲ್ಲಿ ಸಲೀಸಾಗಿ ತಿರುಗುತ್ತದೆ, ಬೆಲ್ಟಿಗೆ ಏನೂ ಆಗುವುದಿಲ್ಲ. ಪುಲ್ಲಿಯ ಬೇರಿಂಗ್ ಹಿಡಿದುಕೊಂಡಿದ್ದರೆ ಸ್ವಿಚ್ ಯಾವ ಕಡೆಗಿದ್ದರೂ ಒಂದೇ. ಎ.ಸಿ. ಆಫ್ ಇದ್ದಾಗಲೇ ಬೆಲ್ಟ್ ಹೋಗಿದೆಯೆಂದರೆ ನನ್ನ ಅನುಮಾನ ಬೇರಿಂಗಿನ ಮೇಲೆಯೇ.

ಭಾವ: ಅನುಮಾನದ ಮೇಲೆ ತೀರ್ಪು ಕೊಡಬೇಡ. ಬೆಲ್ಟಿಗೇ ವಯಸ್ಸಾಗಿತ್ತು ಎಂದು ನಾನು ಹೇಳಬಹುದಲ್ಲವೇ?

ದೊಡ್ಡಪ್ಪ: ಹೋದ ಸಲ ನಾನು ಬಂದಿದ್ದಾಗ ಆ ಬೆಲ್ಟನ್ನು ತಿರುವಿ ನೋಡಿದ್ದೆ, ಒಂದು ಬಿರುಕೂ ಇರಲಿಲ್ಲ. ನಮ್ಮ ಕಾಲದ ಕಾರುಗಳಲ್ಲಿ ಡೈನಮೋಗೆ ಒಂದು, ಎ.ಸಿ.ಗೆ ಒಂದು ಎಂದು ಬೇರೆ ಬೇರೆ ವಿ-ಬೆಲ್ಟುಗಳಿದ್ದವು. ಎ.ಸಿ.ಯದು ಕೆಟ್ಟರೆ ಆ ಬೆಲ್ಟನ್ನು ಕತ್ತರಿಸಿ ಬಿಸಾಡಿ ಮನೆಗೆ ಬರುತ್ತಿದ್ದೆವು. ಎಲ್ಲವನ್ನೂ ಒಂದೇ ಬೆಲ್ಟಿಗೆ ಕಟ್ಟಿಹಾಕಿದ ಪುಣ್ಯಾತ್ಮ ಯಾರೋ!

ನಾನು: ದೊಡ್ಡಪ್ಪ, ನೀವು ಹೇಳಿದ ಅನುಕೂಲ ಹೋಯಿತು ಎನ್ನುವುದು ನಿಜ. 1970ರ ದಶಕದ ಕೊನೆಯಿಂದ ಕಾರುಗಳಿಗೆ ಬಂದ ಈ ಉದ್ದನೆಯ ಬೆಲ್ಟು ಅಗಲವಾಗಿಯೂ ತೆಳುವಾಗಿಯೂ ಇರುವುದರಿಂದ ಎರಡೂ ಕಡೆಗೆ ಬಾಗಬಲ್ಲದು. ಒಳಮೈಯಲ್ಲಿ ಉದ್ದಕ್ಕೂ ಓಡುವ ಏಣುಗಳಂಥ ಗೀರುಗಳಿಂದ ಕೆಲವು ಪುಲ್ಲಿಗಳನ್ನೂ ನಯವಾದ ಬೆನ್ನಿನಿಂದ ಇನ್ನು ಕೆಲವನ್ನೂ ತಿರುಗಿಸುತ್ತದೆ. ಜಾಗ ಉಳಿಯಿತು, ಬೆಲ್ಟನ್ನು ತಾನೇ ಬಿಗಿಯಾಗಿ ಹಿಡಿಯುವ ಸ್ಪ್ರಿಂಗ್ ಟೆನ್ಷನರ್ ಬಂದದ್ದರಿಂದ ಬಿಗಿ ಹೊಂದಿಸುವ ಕೆಲಸವೂ ತಪ್ಪಿತು. ಆದರೆ ಒಂದು ಪುಲ್ಲಿ ನಿಂತರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ವಾಟರ್ ಪಂಪ್, ಪವರ್ ಸ್ಟೀರಿಂಗ್ ಎಲ್ಲವೂ ನಿಲ್ಲುತ್ತವೆ.

ಬಿರುಕಿನ ವಿಷಯದಲ್ಲಿ ಒಂದು ಮಾತು. ಹಳೆಯ ನಿಯೋಪ್ರೀನ್ ಬೆಲ್ಟುಗಳು ವಯಸ್ಸಾದಂತೆ ಬಿರುಕು ಬಿಡುತ್ತಿದ್ದವು. ಈಗಿನವು ಇಪಿಡಿಎಂ ಎಂಬ ರಬ್ಬರಿನವು, ಅವು ಬಿರುಕು ಬಿಡುವುದು ಬಹಳ ಕಡಿಮೆ. ಟೈರಿನಂತೆಯೇ ರಬ್ಬರು ಸವೆಯುತ್ತದೆ, ಗೀರುಗಳ ನಡುವಿನ ಸಂದು ಅಗಲವಾಗುತ್ತಾ ಹೋಗುತ್ತದೆ. ಆದ್ದರಿಂದ ಬಿರುಕಿಲ್ಲ ಎಂದ ಮಾತ್ರಕ್ಕೆ ಬೆಲ್ಟ್ ಹೊಸದು ಎನ್ನಲಾಗದು. ಭಾವ, ನಿಮ್ಮ ವಾದಕ್ಕೆ ಅಷ್ಟು ಜಾಗವಿದೆ. ಆದರೆ ಬರೀ ಸವೆದ ಬೆಲ್ಟ್ ಹೋಗುವ ಮುನ್ನ ಸುಟ್ಟ ರಬ್ಬರಿನ ವಾಸನೆ ಅಷ್ಟಾಗಿ ಬರುವುದಿಲ್ಲ. ಅಕ್ಕ, ವಾಸನೆ ಬಂದಿತ್ತೇ?

ಅಕ್ಕ: ಬಂದಿತ್ತು. ಮೊದಲು ಕೆಲವು ದಿನಗಳಿಂದ ಬಾನೆಟ್ಟಿನ ಒಳಗೆ ಅರೆಯುವಂಥ ಸದ್ದು, ನಿನ್ನೆ ಕಿರುಚುವ ಸದ್ದು, ಹಿಂದೆಯೇ ವಾಸನೆ ಮತ್ತು ಹೊಗೆ, ಆಮೇಲೆ "ಪಟ್" ಎಂದದ್ದು. ತಕ್ಷಣ ಬ್ಯಾಟರಿ ದೀಪ ಹತ್ತಿತು, ಸ್ಟೀರಿಂಗ್ ಕಲ್ಲಿನಷ್ಟು ಭಾರವಾಯಿತು. ಬದಿಗೆ ತಂದು ಇಂಜಿನ್ ಆಫ್ ಮಾಡಿದೆ.

ನಾನು: ಆಫ್ ಮಾಡಿದ್ದರಿಂದ ಇಂಜಿನ್ ಉಳಿಯಿತು. ನಿಮ್ಮ ಕಾರಿನಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ. ಅದು ನಿಂತ ಮೇಲೂ ಓಡಿಸಿದ್ದರೆ ಇಂಜಿನ್ ಕಾದು ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿರುವ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗುತ್ತಿತ್ತು, ಹೆಡ್ಡೇ ಬಾಗುವ ಸಾಧ್ಯತೆಯೂ ಇತ್ತು. ಪಂಪಿಗೆ ಇಂಜಿನ್ನಿನ ಮುಚ್ಚಳದೊಳಗಿರುವ ಬೇರೊಂದು ಬೆಲ್ಟಾದ ಟೈಮಿಂಗ್ ಬೆಲ್ಟಿನಿಂದಲೋ ವಿದ್ಯುತ್ತಿನಿಂದಲೋ ಚಾಲನೆ ಕೊಡುವ ಕಾರುಗಳಲ್ಲಾದರೆ ಬ್ಯಾಟರಿ ಇರುವಷ್ಟು ಹೊತ್ತು ಸ್ವಲ್ಪ ದೂರ ಹೋಗಬಹುದು. ವಿಡಿಯೊ ಈ ಭೇದವನ್ನೂ ಹೇಳುವುದಿಲ್ಲ.

ಭಾವ: ಒಪ್ಪಿದೆ ಎಂದಲ್ಲ, ವಾದಕ್ಕೆಂದು ಕೇಳುತ್ತೇನೆ. ಬೇರಿಂಗೇ ಹಿಡಿದಿದೆ ಎಂದಿಟ್ಟುಕೊಳ್ಳೋಣ. ಹೊಸ ಬೆಲ್ಟ್ ಗಟ್ಟಿಯಾಗಿರುತ್ತದೆ, ವರ್ಕ್‌ಶಾಪಿನವರೆಗಾದರೂ ತಾಳುವುದಿಲ್ಲವೇ?

ನಾನು: ತಾಳುವುದಿಲ್ಲ. ಗಾಡಿ ನಿಂತಿದ್ದು ಇಂಜಿನ್ ನಿಧಾನವಾಗಿ ಓಡುವಾಗಲೂ ಬೆಲ್ಟಿಗೆ ಚಾಲನೆ ಕೊಡುವ ಇಂಜಿನ್ನಿನ ಕ್ರ್ಯಾಂಕ್ ಪುಲ್ಲಿ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಹರಿಯುವ ರಬ್ಬರು, ಅಲುಗದೆ ನಿಂತ ಉಕ್ಕಿನ ಮೇಲೆ ಟೆನ್ಷನರಿನ ಪೂರ್ತಿ ಬಿಗಿಯಲ್ಲಿ ಉಜ್ಜಿಕೊಂಡು ಹೋಗಬೇಕು. ಗೀರುಗಳು ಬೇಗನೆ ಕರಗಿ ಹೊಳಪು ಬರುತ್ತದೆ, ಹೊಗೆ ಏಳುತ್ತದೆ, ಹೊಸ ಬೆಲ್ಟು ಹಳೆಯದರ ದಾರಿ ಹಿಡಿಯುತ್ತದೆ. ಜಾರದಂತೆ ಸ್ಪ್ರೇ ಹೊಡೆಯಿರಿ ಎಂದು ಇನ್ನೊಂದು ವಿಡಿಯೊ ಬಂದರೆ ಅದನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ತಂಗಿ: ಅಣ್ಣ, ನಡುವೆ ಬಾಯಿ ಹಾಕುತ್ತಿದ್ದೇನೆ. ಪುಲ್ಲಿ ತಿರುಗದಿದ್ದರೆ ಅದನ್ನು ಬಿಟ್ಟು ಉಳಿದವಕ್ಕಷ್ಟೇ ಗಿಡ್ಡ ಬೆಲ್ಟ್ ಹಾಕಬಹುದಲ್ಲವೇ? ಭಾವ ಬಯಸುವುದೂ ಅದೇ, ಎ.ಸಿ. ಇಲ್ಲದ ಕಾರು.

ಭಾವ: ನೋಡಿ, ಈ ಮನೆಯಲ್ಲಿ ಬುದ್ಧಿಯಿರುವವಳು ಒಬ್ಬಳಾದರೂ ಇದ್ದಾಳೆ. ದಾರದಿಂದ ಅಳತೆ ತೆಗೆದು ಆ ಉದ್ದದ ಬೆಲ್ಟ್ ತಂದರಾಯಿತು.

ನಾನು: ತಂಗಿ ಕೇಳಿದ್ದು ಸರಿಯಾದ ಪ್ರಶ್ನೆ, ಭಾವ ಹೇಳಿದ ದಾರದ ಉಪಾಯ ಮಾತ್ರ ಸರಿಯಲ್ಲ. ಒಂದು ಪುಲ್ಲಿಯನ್ನು ಬಿಟ್ಟ ಕೂಡಲೇ ಬೆಲ್ಟಿನ ಹಾದಿ ಬದಲಾಗುತ್ತದೆ. ಪಕ್ಕದ ಪುಲ್ಲಿಯನ್ನು ಮೊದಲು ಅರ್ಧ ಸುತ್ತು ತಬ್ಬಿದ್ದ ಬೆಲ್ಟು ಈಗ ಕಾಲು ಸುತ್ತು ಮಾತ್ರ ತಬ್ಬಬಹುದು. ಆಗ ಆಲ್ಟರ್ನೇಟರ್ ಮೇಲೆ ಹೊರೆ ಬಿದ್ದಾಗಲೆಲ್ಲ ಜಾರುತ್ತದೆ. ಬೆಲ್ಟಿನ ಬೆನ್ನಿನಿಂದ ತಿರುಗಬೇಕಾದ ವಾಟರ್ ಪಂಪನ್ನು ಗೀರಿನ ಮೈ ಮುಟ್ಟುವಂತೆ ಹಾದಿ ಮಾಡಿದರೆ ಪಂಪ್ ಹಿಮ್ಮುಖವಾಗಿ ತಿರುಗುತ್ತದೆ. ಬಿಟ್ಟ ಪುಲ್ಲಿಯ ಅಂಚಿಗೆ ಬೆಲ್ಟ್ ಉಜ್ಜಿದರಂತೂ ಅಲ್ಲೇ ಕತ್ತರಿಸಿಕೊಳ್ಳುತ್ತದೆ. ಉದ್ದ ಸ್ವಲ್ಪ ಹೆಚ್ಚುಕಡಿಮೆಯಾದರೂ ಟೆನ್ಷನರಿನ ತೋಳು ಅದರ ಮೇಲಿನ ಗುರುತುಗಳ ನಡುವೆ ನಿಲ್ಲದೆ ಒಂದು ಕೊನೆಗೆ ಹೋಗಿ ಕೂರುತ್ತದೆ.

ಆದರೆ ಕೆಲವು ಇಂಜಿನ್‌ಗಳನ್ನು ತಯಾರಕರೇ ಎ.ಸಿ. ಇಲ್ಲದ ಮಾದರಿಯಲ್ಲೂ ಮಾರಿರುತ್ತಾರೆ. ಅಂಥವಕ್ಕೆ ಅವರ ಬಿಡಿಭಾಗಗಳ ಪಟ್ಟಿಯಲ್ಲಿಯೇ ಬೇರೆ ಬೆಲ್ಟ್ ಸಂಖ್ಯೆಯೂ ಬೇರೆ ಹಾದಿಯ ಚಿತ್ರವೂ ಇರುತ್ತವೆ. ಇನ್ನು ಕೆಲವಕ್ಕೆ ಕಂಪ್ರೆಸರಿನ ಜಾಗದಲ್ಲಿ ಕೂರಿಸುವ ಬರಿಯ ಪುಲ್ಲಿ ಸಿಗುತ್ತದೆ. ನಿಮ್ಮ ಇಂಜಿನ್ನಿಗೆ ಇವುಗಳಲ್ಲಿ ಒಂದಿದ್ದರೆ ಗಿಡ್ಡ ಬೆಲ್ಟಿಗೆ ನನ್ನ ತಕರಾರಿಲ್ಲ.

ತಂಗಿ: ಪಟ್ಟಿ ನೋಡಿದೆ. ಅವರ ಮಾದರಿಗೆ ಎ.ಸಿ. ಇಲ್ಲದ ಹಾದಿಯೇ ಇಲ್ಲ, ಬರಿಯ ಪುಲ್ಲಿಯೂ ಕಾಣಲಿಲ್ಲ. ಭಾವ, ಕ್ಷಮಿಸಿ.

ದೊಡ್ಡಪ್ಪ: ಹಾಗಾದರೆ ವರ್ಕ್‌ಶಾಪಿನವರ ಮಾತೇ ಗೆದ್ದಂತಾಯಿತು. ಕಂಪ್ರೆಸರ್ ಬದಲಿಸಿ ಮುಗಿಸಿ.

ನಾನು: ಇಲ್ಲ ದೊಡ್ಡಪ್ಪ, ಅವರ ಮಾತನ್ನೂ ಪರೀಕ್ಷಿಸಬೇಕು. ಅಕ್ಕ, ಬೆಲ್ಟ್ ಹೇಗೂ ಇಲ್ಲ. ಇಂಜಿನ್ ಆಫ್ ಇದೆ ಎಂದು ಖಚಿತಪಡಿಸಿಕೊಂಡು, ಕಂಪ್ರೆಸರಿನ ಮುಂದಿರುವ ನಡುವಿನ ತಟ್ಟೆಯನ್ನು ಕೈಯಿಂದ ತಿರುಗಿಸಿ ನೋಡು. ಆಮೇಲೆ ಹೊರಗಿನ ಪುಲ್ಲಿಯನ್ನು ಬೇರೆಯಾಗಿ ತಿರುಗಿಸು. ಟೆನ್ಷನರ್, ಐಡ್ಲರ್ (ಬೆಲ್ಟಿಗೆ ದಾರಿ ಕೊಡುವ ಬರಿಯ ಪುಲ್ಲಿ), ಆಲ್ಟರ್ನೇಟರ್, ವಾಟರ್ ಪಂಪ್, ಪವರ್ ಸ್ಟೀರಿಂಗ್ ಪುಲ್ಲಿಗಳನ್ನೂ ಒಂದೊಂದಾಗಿ ತಿರುಗಿಸಿ, ಆಚೀಚೆ ಅಲುಗಾಡಿಸಿ ನೋಡು.

ಅಕ್ಕ: ನೋಡಿ ಬಂದೆ. ನಡುವಿನ ತಟ್ಟೆ ತುಸು ಬಿಗಿಯಾಗಿ, ಆದರೆ ಒಂದೇ ಸಮನೆ ತಿರುಗುತ್ತದೆ. ಹೊರಗಿನ ಪುಲ್ಲಿಯನ್ನು ಎರಡು ಕೈಗಳಿಂದ ತಿರುಗಿಸಿದರೂ ಜರುಗಲಿಲ್ಲ. ಅದರ ಹಿಂದೆ ತುಕ್ಕಿನ ಬಣ್ಣದ ಪುಡಿ ಅಂಟಿಕೊಂಡಿದೆ, ಲೋಹ ಒಂದು ಕಡೆ ನೀಲಿಯಾಗಿದೆ. ಉಳಿದವೆಲ್ಲ ಸರಿಯಾಗಿವೆ, ಐಡ್ಲರ್ ಮಾತ್ರ ತಿರುಗುವಾಗ ಗರಗರ ಎನ್ನುತ್ತದೆ.

ನಾನು: ಇಲ್ಲಿಗೆ ವಿಡಿಯೊದ ಮಾತೂ ಬಿತ್ತು, ವರ್ಕ್‌ಶಾಪಿನ ಮಾತೂ ಬಿತ್ತು. ಒಳಗಿನ ಕಂಪ್ರೆಸರ್ ತಿರುಗುತ್ತಿದೆ, ಕೆಟ್ಟಿರುವುದು ಪುಲ್ಲಿಯ ಬೇರಿಂಗ್. ಕೈ ಹಾಕಲು ಜಾಗವಿದ್ದರೆ ಗ್ಯಾಸಿನ ಕೊಳವೆಗಳನ್ನು ಬಿಚ್ಚದೆಯೇ ಇದನ್ನು ಬದಲಿಸಬಹುದು: ನಡುವಿನ ನಟ್ ಬಿಚ್ಚಿ ತಟ್ಟೆಯನ್ನು ಹೊರತೆಗೆದು, ಸರ್ಕ್ಲಿಪ್ (ಪುಲ್ಲಿಯನ್ನು ಹಿಡಿದಿಡುವ ಉಂಗುರ) ಬಿಡಿಸಿ, ಪುಲ್ಲರಿನಿಂದ ಪುಲ್ಲಿಯನ್ನು ಎಳೆದು, ಹಳೆಯ ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು ಹೊಸದನ್ನು ಕೂರಿಸಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹೊಸ ಬೇರಿಂಗ್ ಅಲ್ಲಿಯೇ ಹಾಳಾಗುತ್ತದೆ. ಮತ್ತೆ ಜೋಡಿಸುವಾಗ ತಟ್ಟೆಗೂ ಪುಲ್ಲಿಗೂ ನಡುವಿನ ಸಂದನ್ನು ತೆಳುವಾದ ಲೋಹದ ಬಿಲ್ಲೆಗಳಾದ ಶಿಮ್‌ಗಳಿಂದ ಹೊಂದಿಸಿ ಫೀಲರ್ ಗೇಜಿನಿಂದ ಅಳೆಯಬೇಕು. ಅದು ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರಿನೊಳಗೆ ಇರುತ್ತದೆ, ನಿಖರ ಅಳತೆ ಕಾರಿನ ಕೈಪಿಡಿಯಲ್ಲಿದ್ದಂತೆ. ಸಂದು ಕಡಿಮೆಯಾದರೆ ಎ.ಸಿ. ಆಫ್ ಇದ್ದಾಗಲೂ ಉಜ್ಜುತ್ತದೆ, ಹೆಚ್ಚಾದರೆ ಕಾಯಿಲ್ ಬಿಸಿಯಾದಾಗ ತಟ್ಟೆಯನ್ನು ಎಳೆದುಕೊಳ್ಳಲಾರದು.

ಲೋಹ ನೀಲಿಯಾಗುವಷ್ಟು ಕಾದಿದೆ ಎಂದಮೇಲೆ ಹಿಂದಿರುವ ಕಾಯಿಲ್ ಸುಟ್ಟಿದೆಯೇ ಎಂದೂ ಮೀಟರಿನಲ್ಲಿ ನೋಡಬೇಕು. ಒಳ್ಳೆಯ ಸ್ಥಿತಿಯ 12 ವೋಲ್ಟಿನ ಕಾಯಿಲ್ ಸಾಮಾನ್ಯವಾಗಿ 3ರಿಂದ 5 ಓಮ್ ತೋರಿಸುತ್ತದೆ. ಬೇರಿಂಗ್ ಕೂರುವ ಕಂಪ್ರೆಸರಿನ ಮೂತಿ ಕೊರೆದುಹೋಗಿದ್ದರೆ ಮಾತ್ರ ಕಂಪ್ರೆಸರ್ ಬದಲಿಸುವ ಮಾತು ಮತ್ತೆ ಬರುತ್ತದೆ.

ದೊಡ್ಡಪ್ಪ: ಹೇಗೂ ಬಿಚ್ಚುವಾಗ ಹೊಸ ಕಂಪ್ರೆಸರನ್ನೇ ಹಾಕಿಬಿಟ್ಟರೆ ಮುಂದಿನ ಚಿಂತೆ ತಪ್ಪುವುದಿಲ್ಲವೇ?

ನಾನು: ಆ ಕೆಲಸ ಕಂಪ್ರೆಸರಿಗೇ ಮುಗಿಯುವುದಿಲ್ಲ. ಗ್ಯಾಸನ್ನು ಯಂತ್ರದಿಂದ ಹೊರತೆಗೆದು ಹಿಡಿದಿಡಬೇಕು, ಗಾಳಿಗೆ ಬಿಡಬಾರದು. ಬಹಳ ಕಾರುಗಳಲ್ಲಿರುವ ಆರ್-134ಎ ಗ್ಯಾಸಿಗೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಕಾಯಿಸುವ ಗುಣವಿದೆ. ಆಮೇಲೆ ತೇವ ಹೀರುವ ಹೊಸ ಡ್ರೈಯರ್, ಸರಿಯಾದ ಎಣ್ಣೆ, ವ್ಯಾಕ್ಯೂಮ್, ಮತ್ತೆ ಗ್ಯಾಸ್. ಚೆನ್ನಾಗಿ ನಡೆಯುತ್ತಿರುವ ವ್ಯವಸ್ಥೆಯನ್ನು ಸುಮ್ಮನೆ ಬಿಚ್ಚುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಭಾವ: ಆಗಲಿ. ಆದರೆ ವಿಡಿಯೊವನ್ನು ಸುಳ್ಳು ಎನ್ನಬೇಡಿ. ಕಂಪ್ರೆಸರ್ ಒಳಗೆ ಹಿಡಿದವರಿಗೆ ಅದು ಸರಿಯೇ ಎಂದು ನೀನೇ ಬರೆದಿದ್ದೀಯ.

ನಾನು: ಕ್ಲಚ್ ಇರುವ ಕಾರುಗಳವರಿಗೆ, ಭಾವ. ಈಚಿನ ಎಷ್ಟೋ ಕಾರುಗಳ ಕಂಪ್ರೆಸರಿನಲ್ಲಿ ಕ್ಲಚ್ಚೇ ಇರುವುದಿಲ್ಲ. ಪುಲ್ಲಿ ತಿರುಗಿದಾಗಲೆಲ್ಲ ಶಾಫ್ಟೂ ತಿರುಗುತ್ತದೆ, ತಂಪು ಬೇಡವಾದಾಗ ಒಳಗಿನ ಪಿಸ್ಟನ್‌ಗಳ ಚಲನೆಯನ್ನು ಬಹುಮಟ್ಟಿಗೆ ತಗ್ಗಿಸಲಾಗುತ್ತದೆ. ಅವುಗಳಲ್ಲಿ ಕಂಪ್ರೆಸರ್ ಹಿಡಿದುಕೊಂಡರೆ ಬೆಲ್ಟ್ ಉಳಿಯಲೆಂದು ಪುಲ್ಲಿಯ ನಡುವೆ ಮುರಿಯುವಂತೆಯೇ ಮಾಡಿದ ಭಾಗವೊಂದಿರುತ್ತದೆ. ಅಲ್ಲಿ ಸ್ವಿಚ್ಚಿನಿಂದ ಏನೂ ಆಗುವುದಿಲ್ಲ.

ಅಕ್ಕ: ಹಾಗಾದರೆ ನಮ್ಮ ಕೆಲಸದ ಕ್ರಮ ಹೇಳು. ಇವರು ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದಾರೆ.

ನಾನು: ಮೊದಲು ಹಳೆಯ ಬೆಲ್ಟಿನ ಚೂರುಗಳನ್ನೆಲ್ಲ ಹುಡುಕಿ ಜೋಡಿಸಿ ನೋಡಿ. ಎಳೆಯೊಂದು ಕ್ರ್ಯಾಂಕ್ ಪುಲ್ಲಿಯ ಹಿಂದೆ ಸುತ್ತಿಕೊಂಡಿದ್ದರೆ ಅಲ್ಲಿನ ಸೀಲನ್ನು ಕೆಡಿಸಬಹುದು, ಟೈಮಿಂಗ್ ಕವರಿನೊಳಗೂ ನುಗ್ಗಬಹುದು. ಈ ಭಾಗವನ್ನು ವಿಡಿಯೊದಲ್ಲಿ ತೋರಿಸಿಯೇ ಇಲ್ಲ, ನನಗೆ ಬೆಲ್ಟ್ ಹಾಕುವುದಕ್ಕಿಂತ ಇದೇ ಮುಖ್ಯವಾಗಿ ಕಾಣುತ್ತದೆ. ಬೇರಿಂಗ್ ಕೆಲಸವನ್ನು ಪ್ರೆಸ್ ಇರುವವರಿಗೆ ಕೊಡಿ, "ಬೇರಿಂಗ್ ಮಾತ್ರ" ಎಂದು ಮೊದಲೇ ಹೇಳಿ. ಗರಗರ ಎನ್ನುವ ಐಡ್ಲರನ್ನೂ ಈಗಲೇ ಬದಲಿಸಿ. ಬೆಲ್ಟನ್ನು ಭಾವನೇ ಹಾಕಲಿ. ಹಳೆಯದರ ಬೆನ್ನಿನ ಮೇಲೆ 6ಪಿಕೆ1870 ಎಂಬಂಥ ಸಂಖ್ಯೆ ಇರುತ್ತದೆ. ಆರು ಗೀರು, 1870 ಮಿಲಿಮೀಟರ್ ಉದ್ದ ಎಂದು ಅದರ ಅರ್ಥ. ಕಾರಿನ ಪಟ್ಟಿಯಲ್ಲಿರುವ ಸಂಖ್ಯೆಯೊಂದಿಗೆ ಅದನ್ನು ತಾಳೆ ನೋಡಿ ತನ್ನಿ.

ಭಾವ: ಹಾದಿಯ ಚಿತ್ರ ಬಾನೆಟ್ಟಿನ ಒಳಗೆ ಅಂಟಿಸಿದ್ದಾರೆ. ಟೆನ್ಷನರನ್ನು ಸ್ಪ್ಯಾನರಿನಿಂದ ತಿರುಗಿಸಿ ಹಿಡಿದು ಬೆಲ್ಟ್ ಏರಿಸುವುದು, ಅಷ್ಟೇ ತಾನೇ?

ನಾನು: ಅಷ್ಟೇ, ಆದರೆ ಟೆನ್ಷನರನ್ನು ಪಟ್ಟನೆ ಬಿಡಬೇಡಿ, ಬೆರಳು ಸಿಕ್ಕಿಕೊಂಡೀತು. ಏರಿಸಿದ ಮೇಲೆ ಪ್ರತಿ ಪುಲ್ಲಿಯಲ್ಲೂ ಗೀರುಗಳು ಸರಿಯಾಗಿ ಕೂತಿವೆಯೇ ಎಂದು ಕೈಯಾಡಿಸಿ ನೋಡಿ. ಒಂದೇ ಒಂದು ಗೀರು ಅಂಚಿನಾಚೆ ಉಳಿದರೂ ಬೆಲ್ಟ್ ಬದಿಯಿಂದ ಸೀಳುತ್ತಾ ಹೋಗುತ್ತದೆ.

ದೊಡ್ಡಪ್ಪ: ಬೆರಳು ಹಾಕುವ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ, ಕೀಲಿ ಅವಳ ಕೈಯಲ್ಲಿರಲಿ.

ಅಕ್ಕ: ಕೀಲಿ ನನ್ನ ಬಳಿಯೇ ಇದೆ. ಐಡ್ಲರಿಗೂ ಬೇರಿಂಗಿಗೂ ಫೋನ್ ಮಾಡಿದ್ದೇನೆ, ನಾಳೆ ಸಿಗುತ್ತವಂತೆ.