ಪುಟ್ಟಿಯ ಕಬಡ್ಡಿ ಮತ್ತು ಸಾಗರದ ಮಾವ ಮನೆಯವರ ಫೋನ್ ಗುಂಪಿಗೆ ಕಳಿಸಿದ ವಿಡಿಯೊ

ಸಾಗರದ ಮಾವ: (ವಿಡಿಯೊ) ಕಬಡ್ಡಿ ಆಟಗಾರರಿಗೆಂದೇ ರೂಪಿಸಿದ ವ್ಯಾಯಾಮಗಳಂತೆ. ಪುಟ್ಟಿ, ಪೂರ್ತಿ ನೋಡು. ಜಿಲ್ಲಾ ತಂಡದ ಆಯ್ಕೆ ಹತ್ತಿರ ಬಂತು, ನಾಳೆಯಿಂದಲೇ ಶುರು ಮಾಡು.

ಅಮ್ಮ: ಅಬ್ಬಾ, ಆ ಹುಡುಗ ಅರ್ಧ ಚೆಂಡಿನ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದಾನಲ್ಲ!

ಶಿವಮೊಗ್ಗದ ಚಿಕ್ಕಮ್ಮ: ಅಣ್ಣ, ನಾನು ಎರಡು ಸಲ ನೋಡಿದೆ. ದಯವಿಟ್ಟು ಇದನ್ನು ಅವಳಿಂದ ಮಾಡಿಸಬೇಡ.

ಸಾಗರದ ಮಾವ: ಯಾಕೆ? ಎಲ್ಲವೂ ರೈಡ್ ಮಾಡುವ ಭಂಗಿಯಲ್ಲೇ ಇವೆಯಲ್ಲ. ಆಟಕ್ಕೆ ತಕ್ಕ ವ್ಯಾಯಾಮ ಎಂದರೆ ಇದೇ ಅಲ್ಲವೇ?

ಶಿವಮೊಗ್ಗದ ಚಿಕ್ಕಮ್ಮ: ಅಲ್ಲ. ನನ್ನ ತಕರಾರು ಅಲ್ಲೇ ಇರುವುದು. ಆಟದ ಭಂಗಿಗೆ ಭಾರ ಕಟ್ಟಿದ ಮಾತ್ರಕ್ಕೆ ಅದು ಆಟಕ್ಕೆ ತಕ್ಕ ವ್ಯಾಯಾಮ ಆಗುವುದಿಲ್ಲ. ಅಲುಗಾಡುವ ಚೆಂಡಿನ ಮೇಲೆ ನಿಂತರೆ ಬೀಳದಂತೆ ಉಳಿಯುವುದೇ ಕಾಲಿಗೆ ದೊಡ್ಡ ಕೆಲಸ. ನೆಲವನ್ನು ಪೂರ್ತಿ ಬಲದಿಂದ ಒತ್ತಲು ಆಗುವುದೇ ಇಲ್ಲ. ಕಬಡ್ಡಿ ಅಂಕಣ ಅಲುಗಾಡುತ್ತದೆಯೇ? ಕಣಕಾಲಿಗೆ ಮರಳಿನ ಪಟ್ಟಿ ಕಟ್ಟಿ ರೈಡ್ ಮಾಡಿಸಿದ್ದಾರಲ್ಲ, ಅದು ಇನ್ನೂ ಕೆಟ್ಟದ್ದು. ವರ್ಷಗಟ್ಟಲೆ ಆಡಿ ಕಲಿತ ಹೆಜ್ಜೆಯ ಲಯ ಹಾಳಾಗುತ್ತದೆ, ಶಕ್ತಿಯೂ ಬರುವುದಿಲ್ಲ.

ಆಟ ದೇಹದಿಂದ ಏನು ಕೇಳುತ್ತದೆ ಎಂದು ಮೊದಲು ನೋಡಬೇಕು. ಮೂವತ್ತು ಸೆಕೆಂಡಿನ ರೈಡ್. ಹುಡುಗಿಯರಿಗೆ ಎದುರಾಳಿಗಳ ಕಡೆಯ ಅರ್ಧ ಅಂಕಣ ಎಂದರೆ ಆರು ಮೀಟರ್ ಉದ್ದ, ಎಂಟು ಮೀಟರ್ ಅಗಲ. ಅಷ್ಟರೊಳಗೆ ನುಗ್ಗಬೇಕು, ಥಟ್ಟನೆ ನಿಲ್ಲಬೇಕು, ತಿರುಗಬೇಕು, ಮೂವರು ಎಳೆಯುತ್ತಿರುವಾಗ ಮಧ್ಯಗೆರೆಗೆ ಕೈ ಚಾಚಬೇಕು. ಇದರಲ್ಲಿ ನುಗ್ಗುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ. ನಿಲ್ಲುವುದನ್ನು ಯಾರೂ ಮಾಡುವುದಿಲ್ಲ. ಬ್ರೇಕ್ ನೋಡದೆ ಬಸ್ಸನ್ನು ಆಗುಂಬೆ ಘಾಟಿ ಇಳಿಸಿದ ಹಾಗೆ ಮಕ್ಕಳನ್ನು ಅಂಕಣಕ್ಕೆ ಇಳಿಸುತ್ತೇವೆ.

ಕೊಪ್ಪದ ಅಜ್ಜ: ನಾವು ಗರಡಿಯಲ್ಲಿ ಸಾಮು ಮಾಡುವಾಗ ಚೆಂಡೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ದಂಡ, ಬಸ್ಕಿ, ಗದೆ. ಮನೆಗೆ ಬಂದರೆ ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುವುದು. ಯಾರ ಮೊಣಕಾಲೂ ಹೋಗಲಿಲ್ಲ.

ಸಾಗರದ ಮಾವ: ಅಪ್ಪ ಹೇಳಿದ್ದು ಸರಿ. ಮಮತಾ ಪೂಜಾರಿ ಕಾರ್ಕಳದ ಕಡೆಯ ಹಳ್ಳಿಯಿಂದ ಬಂದವರು. 2010ರಲ್ಲೂ 2014ರಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿದ್ದರು. ಹಳ್ಳಿಯ ಮೈಗೆ ಜಿಮ್ ಯಾಕೆ ಬೇಕು? ತೋಟದ ಕೆಲಸ ಸಾಕು.

ಶಿವಮೊಗ್ಗದ ಚಿಕ್ಕಮ್ಮ: ಒಂದು ಗಂಟೆಯ ಹಿಂದೆ ವಿಡಿಯೊ ಬೇಕಿತ್ತು, ಈಗ ತೋಟದ ಕೆಲಸ ಸಾಕೇ ಅಣ್ಣ? ರಾಷ್ಟ್ರೀಯ ಶಿಬಿರದಲ್ಲಿ ಬೆವರು ಸುರಿಸದೆ ಯಾರೂ ಏಷ್ಯನ್ ಕ್ರೀಡಾಕೂಟದ ಅಂಕಣ ಹತ್ತುವುದಿಲ್ಲ.

ಅಪ್ಪ, ಬಸ್ಕಿಯ ಮೇಲೆ ನನಗೆ ಗೌರವವಿದೆ, ಅದನ್ನು ಬಿಡಿಸುವುದಿಲ್ಲ. ಆದರೆ ಇನ್ನೂರು ಬಸ್ಕಿ ಹೊಡೆಯುವವಳು ಇನ್ನೂರೈವತ್ತು ಹೊಡೆದರೆ ದಮ್ಮು ಹೆಚ್ಚುತ್ತದೆ, ಬಲ ಅಷ್ಟಾಗಿ ಹೆಚ್ಚುವುದಿಲ್ಲ. ಬಲಕ್ಕೆ ಭಾರ ಏರುತ್ತಾ ಹೋಗಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡಿಲೋರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ಗಾಯಗೊಂಡ ಸೈನಿಕರಿಗೆ ಇದನ್ನೇ ಮಾಡಿಸಿದರು. ಹಗುರ ಭಾರವನ್ನು ಲೆಕ್ಕವಿಲ್ಲದಷ್ಟು ಸಲ ಎತ್ತಿಸುವ ಬದಲು, ಭಾರದ ತೂಕವನ್ನೇ ಹಂತ ಹಂತವಾಗಿ ಏರಿಸಿ ಕಡಿಮೆ ಸಲ ಎತ್ತಿಸಿದರು. ತೊಡೆಯ ಬಲ ಬೇಗ ಮರಳಿತು. ತೋಟದ ಕೆಲಸದಲ್ಲಿ ಆ ಏರಿಕೆ ಎಲ್ಲಿದೆ? ಅಡಿಕೆ ಗೊನೆಯ ತೂಕ ಹೋದ ವರ್ಷ ಎಷ್ಟೋ ಈ ವರ್ಷವೂ ಅಷ್ಟೇ. ಕೊಯ್ಲು ಮುಗಿದರೆ ಅದೂ ಇಲ್ಲ.

ಇನ್ನೊಂದು ವಿಷಯ. ನೀವು ಆಡಿದ್ದು ಮಣ್ಣಿನ ಮೇಲೆ, ಬರಿಗಾಲಲ್ಲಿ. ತಿರುಗುವಾಗ ಪಾದ ಸ್ವಲ್ಪ ಜಾರುತ್ತಿತ್ತು. ಇವಳು ಆಡುವುದು ಮ್ಯಾಟ್ ಮೇಲೆ, ಬೂಟು ಹಾಕಿಕೊಂಡು. ಪಾದ ಅಂಟಿಕೊಂಡಂತೆ ನಿಲ್ಲುತ್ತದೆ, ತಿರುಚಿದ ಬಲವೆಲ್ಲ ಮೊಣಕಾಲಿಗೆ ಹೋಗುತ್ತದೆ.

ಅಮ್ಮ: ಅದೆಲ್ಲ ಇರಲಿ. ಹದಿನಾರು ವರ್ಷದ ಹುಡುಗಿ ಭಾರ ಎತ್ತಿದರೆ ಎತ್ತರ ನಿಂತು ಹೋಗುವುದಿಲ್ಲವೇ? ನನಗೆ ಅದೇ ಹೆದರಿಕೆ.

ಡಾಕ್ಟರ್ ಅತ್ತಿಗೆ: ಇಲ್ಲ ಅತ್ತೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಇದನ್ನು ಸ್ಪಷ್ಟವಾಗಿ ಹೇಳಿದೆ. ತಿಳಿದವರ ಕಣ್ಣಳತೆಯಲ್ಲಿ, ಸರಿಯಾದ ಕ್ರಮದಲ್ಲಿ ಮಾಡಿದರೆ ಎತ್ತರಕ್ಕೆ ತೊಂದರೆ ಕಂಡುಬಂದಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಅದಕ್ಕೆ ನಾವು ಹೆದರುವುದಿಲ್ಲ, ಐದು ಕೆಜಿ ಭಾರಕ್ಕೆ ಹೆದರುತ್ತೇವೆ. ಪೆಟ್ಟಾಗುವುದು ಹೆಚ್ಚಾಗಿ ಯಾರೂ ಇಲ್ಲದಾಗ, ಪೈಪೋಟಿಗೆ ಬಿದ್ದು ಎತ್ತಿದಾಗ.

ಚಿಕ್ಕತ್ತೆ ಮೊಣಕಾಲಿನ ಬಗ್ಗೆ ಹೇಳಿದ್ದಕ್ಕೆ ಸೇರಿಸುತ್ತೇನೆ. ಹೀಗೆ ತಿರುಗಿ ನಿಲ್ಲುವ ಆಟಗಳಲ್ಲಿ ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಬಹಳ ಸಲ ಯಾರ ಪೆಟ್ಟೂ ಬಿದ್ದಿರುವುದಿಲ್ಲ. ಪಾದ ನೆಟ್ಟು ತಿರುಗುವಾಗ ಮೊಣಕಾಲು ಒಳಕ್ಕೆ ವಾಲುತ್ತದೆ, ಅಷ್ಟೇ. ಶಸ್ತ್ರಚಿಕಿತ್ಸೆ ಆದರೆ ಮತ್ತೆ ಆಟಕ್ಕೆ ಬರಲು ಒಂಬತ್ತು ತಿಂಗಳಾದರೂ ಬೇಕು.

ಮತ್ತೆ ಊಟ. ಇಷ್ಟು ಆಡುವ ಹುಡುಗಿ ಬೆಳಿಗ್ಗೆ ಎರಡು ದೋಸೆ ತಿಂದು ಓಡಿದರೆ ಸಾಲದು. ತಿಂಗಳ ಮುಟ್ಟು ತಪ್ಪತೊಡಗಿದರೆ ದೇಹಕ್ಕೆ ಊಟ ಸಾಲುತ್ತಿಲ್ಲ ಎಂಬ ಸೂಚನೆ ಇರಬಹುದು, ಮೂಳೆಯೂ ದುರ್ಬಲವಾಗುತ್ತದೆ. ಹಾಗಾದರೆ ನನಗೆ ತಿಳಿಸಬೇಕು.

ಅಮ್ಮ: ಅಜ್ಜ, ಮಾವ ಎಲ್ಲ ಇರುವ ಗುಂಪಿನಲ್ಲಿ ಇದೆಲ್ಲ ಯಾಕಮ್ಮ.

ಕೊಪ್ಪದ ಅಜ್ಜ: ಇರಲಿ ಬಿಡು. ಮಗುವಿನ ಆರೋಗ್ಯ. ಅವಳು ಹೇಳಲಿ.

ಸಾಗರದ ಮಾವ: ಸರಿ, ವಿಡಿಯೊ ಬೇಡ, ತೋಟವೂ ಬೇಡ. ಹಾಗಾದರೆ ಏನು ಮಾಡಬೇಕು ಎಂದು ಹೇಳು. ಬೇಡ ಎನ್ನುವುದು ಸುಲಭ.

ಶಿವಮೊಗ್ಗದ ಚಿಕ್ಕಮ್ಮ: ಹೇಳುತ್ತೇನೆ. ನೋಡಲು ಏನೂ ಚೆಂದವಿಲ್ಲ, ಯಾರೂ ವಿಡಿಯೊ ಮಾಡಿ ಹಂಚುವುದಿಲ್ಲ. ಎದೆಗೆ ಮರಳಿನ ಚೀಲ ಅಪ್ಪಿಕೊಂಡು ನಿಧಾನವಾಗಿ ಕೂತು ಏಳುವುದು. ಒಂದು ಕಾಲು ಮುಂದಿಟ್ಟು ಇಳಿಯುವ ಲಂಜ್. ಜಗಲಿಯ ಮೆಟ್ಟಿಲಿನಿಂದ ಇಳಿದು ಸದ್ದಾಗದಂತೆ ನಿಲ್ಲುವುದು, ಆಗ ಮೊಣಕಾಲು ಪಾದದ ನೇರಕ್ಕೇ ಇರಬೇಕು. ಸದ್ದು ಬಂದರೆ ಕಾಲು ಬಲವನ್ನು ಹೀರಿಕೊಂಡಿಲ್ಲ ಎಂದೇ ಅರ್ಥ. ನಾನು ಶಾಲೆಯಲ್ಲಿ ಮಕ್ಕಳ ಹಿಂದೆ ನಿಂತು ಕಣ್ಣು ಮುಚ್ಚಿಕೊಂಡು ಇದನ್ನು ಕೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ನಾರ್ಡಿಕ್ ಎಂಬ ವ್ಯಾಯಾಮ. ಪುಟ್ಟಿ ದಿಂಬಿನ ಮೇಲೆ ಮಂಡಿಯೂರಿ ನೆಟ್ಟಗೆ ನಿಲ್ಲಬೇಕು. ಅಕ್ಕ, ನೀನು ಹಿಂದೆ ಕೂತು ಅವಳ ಎರಡೂ ಹಿಮ್ಮಡಿ ಗಟ್ಟಿಯಾಗಿ ಒತ್ತಿ ಹಿಡಿ. ಸೊಂಟ ಬಗ್ಗಿಸದೆ, ತಲೆಯಿಂದ ಮೊಣಕಾಲಿನವರೆಗೆ ಒಂದೇ ಗೆರೆಯಲ್ಲಿ, ಅವಳು ಮುಂದಕ್ಕೆ ವಾಲುತ್ತಾ ಹೋಗಬೇಕು. ಆದಷ್ಟು ನಿಧಾನ. ತೊಡೆಯ ಹಿಂಭಾಗ ನಡುಗತೊಡಗುತ್ತದೆ, ಇನ್ನು ತಡೆಯಲಾಗದು ಎನಿಸಿದಾಗ ಎರಡೂ ಕೈ ನೆಲಕ್ಕೆ ಊರಿ ಬೀಳಬೇಕು. ಮೊದಲ ವಾರ ನಾಲ್ಕೈದು ಸಲ ಸಾಕು. ಮರುದಿನ ಮೆಟ್ಟಿಲು ಇಳಿಯುವಾಗ ನೋವಾಗುತ್ತದೆ, ಹೆದರಬೇಡಿ. ಫುಟ್‌ಬಾಲ್ ತಂಡಗಳಲ್ಲಿ ಇದನ್ನು ಬಿಡದೆ ಮಾಡಿದವರಲ್ಲಿ ತೊಡೆಯ ಹಿಂಭಾಗದ ಸ್ನಾಯು ಹರಿಯುವುದು ಸುಮಾರು ಅರ್ಧಕ್ಕೆ ಇಳಿದಿದೆ. ಅದೇ ಸ್ನಾಯು ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿಯುತ್ತದೆ. ನೋಡಲು ಕಬಡ್ಡಿಯಂತೆ ಇಲ್ಲವೇ ಇಲ್ಲ. ಆದರೂ ಕಬಡ್ಡಿಗೆ ಇದಕ್ಕಿಂತ ತಕ್ಕ ವ್ಯಾಯಾಮ ನನಗೆ ಗೊತ್ತಿಲ್ಲ.

ಪುಟ್ಟಿ: ಚಿಕ್ಕಮ್ಮ, ದಿನಾ ಮಾಡಬೇಕೇ? ಸಂಜೆ ಆಟದ ಅಭ್ಯಾಸವೂ ಇದೆ.

ಶಿವಮೊಗ್ಗದ ಚಿಕ್ಕಮ್ಮ: ವಾರಕ್ಕೆ ಎರಡು ದಿನ ಸಾಕು, ನಡುವೆ ಬಿಡುವಿರಲಿ. ಸ್ನಾಯು ಗಟ್ಟಿಯಾಗುವುದು ಬಿಡುವಿನಲ್ಲೇ. ಆಯ್ಕೆಯ ಹಿಂದಿನ ಎರಡು ದಿನ ಭಾರ ಮುಟ್ಟಬೇಡ. ಮಂಡಿಯೊಳಗೆ ಚುಚ್ಚಿದಂತೆ ನೋವು ಬಂದರೆ ಅಲ್ಲೇ ನಿಲ್ಲಿಸಿ ನನಗೆ ಫೋನ್ ಮಾಡು.

ಸಾಗರದ ಮಾವ: ಆ ಅರ್ಧ ಚೆಂಡಿನಲ್ಲಿ ಏನೋ ಇದೆ ಎಂದು ನನಗೆ ಈಗಲೂ ಅನಿಸುತ್ತದೆ.

ಡಾಕ್ಟರ್ ಅತ್ತಿಗೆ: ಇದೆ ಅಪ್ಪ. ಪಾದ ಉಳುಕಿದವರಿಗೆ ಚೇತರಿಕೆಯಲ್ಲಿ ಅಂಥದ್ದನ್ನು ಮಾಡಿಸುತ್ತಾರೆ. ಬಲ ಬರಲು ಅಲ್ಲ.

ಸಾಗರದ ಮಾವ: ಹಾಗೆ ಹೇಳು ಮತ್ತೆ. ಮನೆಯಲ್ಲಿ ಗಟ್ಟಿ ಗೋಣಿಚೀಲ ಇದೆ, ಭಾನುವಾರ ಬರುವಾಗ ಮರಳು ತುಂಬಿ ಹೊಲಿಸಿಕೊಂಡು ಬರುತ್ತೇನೆ. ಎಷ್ಟು ಕೆಜಿ ಬೇಕು?

ಶಿವಮೊಗ್ಗದ ಚಿಕ್ಕಮ್ಮ: ಮೂರು ಚೀಲ ತಾ ಅಣ್ಣ. ಐದು, ಎಂಟು, ಹನ್ನೆರಡು. ಹನ್ನೆರಡರದ್ದನ್ನು ಸದ್ಯಕ್ಕೆ ಅಟ್ಟದ ಮೇಲಿಡು.