ಅಪ್‌ಡೇಟ್: ಸಿಟಿ ಹೋಯ್ತು, ಐ20 ಎನ್ ಲೈನ್ ಬಂತು

ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ: ಆರು ವರ್ಷದ ಹೋಂಡಾ ಸಿಟಿ ಕಾರು ಕೊಟ್ಟು ಹ್ಯುಂಡೈ ಐ20 ಎನ್ ಲೈನ್ (ಐ20ಯ ಸ್ಪೋರ್ಟಿ ಮಾದರಿ) ತಗೊಳ್ಳಲಾ ಬೇಡ್ವಾ ಅಂತ. ಮನೆ ಪುಣೆಯಲ್ಲಿ, ತಿಂಗಳಿಗೊಮ್ಮೆ ಧಾರವಾಡ, ಹಿಂದಿನ ಸೀಟಿನಲ್ಲಿ ಬೆನ್ನುನೋವಿನ ಅಮ್ಮ. ಕೊನೆಗೂ ತಗೊಂಡೆ!

"ಒಬ್ಬರೇ ಟೆಸ್ಟ್ ಡ್ರೈವ್ ಮಾಡಬೇಡಿ, ಅಮ್ಮನನ್ನು ಕೂರಿಸಿಕೊಂಡು ನಿಮ್ಮ ಏರಿಯಾದ ಕೆಟ್ಟ ರಸ್ತೆಯಲ್ಲೇ ಓಡಿಸಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಹಾಗೇ ಮಾಡಿದೆ. ಅಮ್ಮ ತೊಡೆ ಮೇಲೆ ಚಕ್ಕುಲಿ ಡಬ್ಬಿ ಇಟ್ಟುಕೊಂಡಿದ್ದರು. ಪ್ರತಿ ಹಂಪ್‌ಗೂ ಮುಚ್ಚಳ ಟಣ್ ಅಂತಿತ್ತು. ಇಳಿದ ಮೇಲೆ ಅಂದರು, "ಸ್ವಲ್ಪ ಕುಲುಕತದ, ಆದ್ರ ಬೆನ್ನಿಗೆ ಏನೂ ತ್ರಾಸ ಆಗಲಿಲ್ಲ. ತಗೋ." ಅಷ್ಟು ಸಾಕಿತ್ತು. ಪುಣೆ ಹತ್ತಿರದ ಕಾತ್ರಜ್ ಘಾಟ್‌ನಲ್ಲಿ ಈ 1 ಲೀಟರ್ ಟರ್ಬೊ ಎಂಜಿನ್, ಅದರ 120 ಪಿಎಸ್ ಶಕ್ತಿ ಏನು ಮಾಡುತ್ತೆ ಅಂತ ಹೇಳೋಕೆ ಕೂತರೆ ರಾತ್ರಿಯಾಗುತ್ತೆ.

ಹಳೇ ಕಾರನ್ನು ಶೋರೂಮ್‌ಗೇ ಎಕ್ಸ್‌ಚೇಂಜ್‌ಗೆ ಕೊಡಿ ಅನ್ನೋ ಸಲಹೆ ಮಾತ್ರ ಕೈಕೊಟ್ಟಿತು, ರೇಟು ತೀರಾ ಕಡಿಮೆ. ಸಿಟಿಯನ್ನು ಧಾರವಾಡದ ಚಿಕ್ಕಪ್ಪನ ಮಗನಿಗೇ ಕೊಟ್ಟೆ. ಬೇರೆ ರಾಜ್ಯಕ್ಕೆ ಹೋಗುವ ಗಾಡಿ ಅಲ್ವಾ, ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಅದನ್ನು ಮೊದಲೇ ಶುರು ಮಾಡಿ.

ಗೊತ್ತೇ ಇರದ ವಿಷಯ ಒಂದಿತ್ತು. ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಇನ್ಶೂರೆನ್ಸ್‌ನಲ್ಲಿ ಸಿಗೋ ರಿಯಾಯಿತಿ, ಕಾರಿನದ್ದಲ್ಲ, ಮಾಲೀಕರದ್ದು! ಐದು ವರ್ಷ ಕ್ಲೇಮ್ ಮಾಡದ ನನಗೆ ಹೊಸ ಕಾರಿನ ಓನ್ ಡ್ಯಾಮೇಜ್ (ನಮ್ಮ ಕಾರಿಗೇ ಆಗೋ ಹಾನಿಯ) ಪ್ರೀಮಿಯಂನಲ್ಲಿ 50% ಉಳಿಯಿತು. ಹಳೇ ಇನ್ಶೂರೆನ್ಸ್ ಕಂಪನಿಯಿಂದ ಈ ಬೋನಸ್‌ನ ಪತ್ರ ತಗೊಳ್ಳೋದು ಮರೀಬೇಡಿ.

ಡಿಕ್ಕಿ 506 ಲೀಟರಿನಿಂದ 311ಕ್ಕೆ ಇಳಿದಿದೆ. ಮೊನ್ನೆ ಊರಿಂದ ಬರುವಾಗ ಜೋಳದ ಚೀಲ ಹಿಂದಿನ ಸೀಟಿನಲ್ಲಿ, ಅಮ್ಮನ ಪಕ್ಕ ಕೂತು ಬಂತು.